ಹಲಗೆಯ ರೈಲಿಗೆ ಗಾಳಿಯಲ್ಲಿ ಬಂದ ಅಪ್ಪಣೆ

1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರೇಷಕ ಇಟ್ಟುಕೊಂಡು ರೇಡಿಯೋ ಪ್ರಸಾರ ಶುರುಮಾಡಿದರು. ಅದೇ ವರ್ಷ ಜರ್ಮನಿಯಲ್ಲಿ ಟ್ರಿಕ್ಸ್ ಮತ್ತು ಮೆರ್ಕ್ಲಿನ್ ಕಂಪನಿಗಳು ಊಟದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ವಿದ್ಯುತ್ ರೈಲುಗಳನ್ನು ಹೊರತಂದವು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಮಾದರಿ ರೈಲಿನ ಹವ್ಯಾಸಿಗಳು ಒಟ್ಟುಗೂಡಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಕಟ್ಟಿಕೊಂಡದ್ದೂ 1935ರಲ್ಲೇ. ಮೂರೂ ಕಡೆಯವರಿಗೆ ಪರಸ್ಪರ ಪರಿಚಯವಿರಲಿಲ್ಲ, ಉದ್ದೇಶವೂ ಬೇರೆ ಬೇರೆ. ಆದರೆ ಈಗ ಮೈಸೂರಿನ ನನ್ನ ಮನೆಯ ಕೋಣೆಯೊಂದರಲ್ಲಿ ಆ ಮೂರು ಕೆಲಸಗಳೂ ಒಂದೇ ಹಲಗೆಯ ಮೇಲೆ ಬಂದು ಕೂಡಿವೆ. ರೈಲು ಜರ್ಮನಿಯವರದು, ಅಳತೆಯ ಕಟ್ಟಳೆ ಅಮೆರಿಕದವರದು, ಅಪ್ಪಣೆ ಮಾತ್ರ ಗಾಳಿಯಲ್ಲಿ.

ಹಲಗೆ ಹತ್ತಡಿ ಉದ್ದ, ಎರಡಡಿ ಅಗಲ. ಅದರ ಮೇಲೊಂದು ಮೀಟರ್ ಗೇಜ್ ಸ್ಟೇಷನ್: ಮೇನ್ ಲೈನು, ಒಂದು ಲೂಪ್ ಲೈನು, ಗೂಡ್ಸ್ ಶೆಡ್ಡಿಗೆ ಹೋಗುವ ಒಂದು ಸೈಡಿಂಗ್. ಹಳಿಗಳ ನಡುವಿನ ಅಂತರ 12 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1044 ಬರುತ್ತದೆ. ಮೀಟರ್ ಗೇಜಿಗೆ ಅಷ್ಟು ಹತ್ತಿರವಾದರೆ ನನಗೆ ಸಾಕು. ಮೈಸೂರಿನಿಂದ ಚಾಮರಾಜನಗರಕ್ಕೆ, ಮೈಸೂರಿನಿಂದ ಅರಸೀಕೆರೆಗೆ ಮೀಟರ್ ಗೇಜ್ ಗಾಡಿಗಳು ಓಡುತ್ತಿದ್ದ ಕಾಲದಲ್ಲಿ ಇಂಥ ಸ್ಟೇಷನ್ನುಗಳು ದಾರಿಯುದ್ದಕ್ಕೂ ಇದ್ದವು. ಒಂದು ಗಾಡಿ ಲೂಪಿನಲ್ಲಿ ಕಾಯುತ್ತದೆ, ಇನ್ನೊಂದು ಬಂದು ನಿಲ್ಲುತ್ತದೆ, ಡ್ರೈವರು ಟೋಕನ್ ಬದಲಾಯಿಸಿಕೊಳ್ಳುತ್ತಾನೆ, ಹೊರಡುತ್ತದೆ. ಹಲಗೆಯ ಮೇಲೆ ನನಗೆ ಬೇಕಾಗಿದ್ದದ್ದು ಇಷ್ಟೇ: ಎರಡು ಇಂಜಿನ್ನು, ಎರಡು ಡ್ರೈವರು. ಒಬ್ಬ ನಾನು, ಇನ್ನೊಬ್ಬಳು ನನ್ನ ಮೊಮ್ಮಗಳು. ಇಬ್ಬರೂ ತಮ್ಮ ತಮ್ಮ ಗಾಡಿಯ ಪಕ್ಕದಲ್ಲೇ ನಡೆದುಕೊಂಡು ಹೋಗಬೇಕು. ಕೈಯಲ್ಲಿ ತಂತಿ ಇರಬಾರದು, ಕಿರಿದಾದ ಕೋಣೆಯಲ್ಲಿ ಒಬ್ಬರ ತಂತಿ ಇನ್ನೊಬ್ಬರ ಕಾಲಿಗೆ ತೊಡರುತ್ತದೆ.

ನಾನು ದುಡಿದದ್ದು ರೈಲ್ವೆಯ ಸಿಗ್ನಲ್ ಮತ್ತು ಟೆಲಿಕಾಂ ವಿಭಾಗದಲ್ಲಿ. ಬ್ಲಾಕ್ ಇನ್‌ಸ್ಟ್ರುಮೆಂಟು, ರಿಲೇ, ಗಾರ್ಡು ಡ್ರೈವರುಗಳ ವಾಕಿಟಾಕಿ, ಇವೇ ನನ್ನ ಪ್ರಪಂಚ. ಹೊಸ ಸಲಕರಣೆ ಬಂದರೆ ಮೊದಲು ಅದರ ವಂಶಾವಳಿ ನೋಡುವುದು ನಮ್ಮ ಕಸುಬಿನವರ ಅಭ್ಯಾಸ: ಇದು ಯಾವುದರ ಮಗ, ಎಲ್ಲಿ ಕೆಟ್ಟಿತ್ತು, ಕೆಟ್ಟಾಗ ಏನು ಮಾಡಿತು. ಮಾದರಿ ರೈಲಿಗೆ ವೈರ್‌ಲೆಸ್ ಆರಿಸಲು ಹೊರಟಾಗಲೂ ಅದನ್ನೇ ಮಾಡಿದೆ. ಆ ವಂಶಾವಳಿ ಇಷ್ಟು ಸ್ವಾರಸ್ಯವಾಗಿರುತ್ತದೆ ಎಂದು ಎಣಿಸಿರಲಿಲ್ಲ.

ಮೊದಮೊದಲ ಆಟಿಕೆ ರೈಲಿಗೆ ಕೀಲಿ ಕೊಡುವುದೊಂದೇ ನಿಯಂತ್ರಣ. ಸ್ಪ್ರಿಂಗು ಬಿಚ್ಚಿಕೊಳ್ಳುವ ತನಕ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ವಿದ್ಯುತ್ ಬಂದ ಹೊಸತರಲ್ಲಿ ಮನೆಯ ದೀಪದ ಕರೆಂಟನ್ನೇ, ನಡುವೆ ಬಲ್ಬುಗಳನ್ನಿಟ್ಟು ತಗ್ಗಿಸಿ, ಹಳಿಗೆ ಕೊಡುವ ಪದ್ಧತಿ ಯುರೋಪಿನಲ್ಲಿತ್ತು. ಮಕ್ಕಳ ಕೈಗೆ ಎಂಥ ಅಪಾಯ! ಮುಂದೆ ಟ್ರಾನ್ಸ್‌ಫಾರ್ಮರು ಬಂದು ವೋಲ್ಟೇಜು ಇಳಿಯಿತು. ಎರಡು ಹಳಿಯ ರೈಲುಗಳಿಗೆ 12 ವೋಲ್ಟು ರೂಢಿಯಾಯಿತು. ವೋಲ್ಟೇಜು ಏರಿಸಿದರೆ ವೇಗ, ಧನ ಋಣ ಅದಲುಬದಲು ಮಾಡಿದರೆ ಹಿಮ್ಮುಖ. ಸರಳ, ಗಟ್ಟಿ. ಇವತ್ತಿಗೂ ಒಂದೇ ಇಂಜಿನ್ನು ಇಟ್ಟುಕೊಂಡವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂದೇ ಹೇಳುತ್ತೇನೆ.

ತೊಡಕು ಬರುವುದು ಎರಡನೆಯ ಇಂಜಿನ್ನಿನಿಂದ. ಅಪ್ಪಣೆ ಕೊಡುತ್ತಿರುವುದು ಹಳಿಗೆ, ಇಂಜಿನ್ನಿಗಲ್ಲ. ಆ ಹಳಿಯ ಮೇಲಿರುವ ಎಲ್ಲ ಇಂಜಿನ್ನುಗಳೂ ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. 1935ರ ಟ್ರಿಕ್ಸ್ ಇದಕ್ಕೊಂದು ಜಾಣ ಉಪಾಯ ಮಾಡಿತ್ತು. ಮೂರು ಹಳಿ, ಮೂರೂ ಒಂದಕ್ಕೊಂದು ತಾಗದಂತೆ ಪ್ರತ್ಯೇಕ. ನಡುವಿನದು ಎರಡು ಇಂಜಿನ್ನುಗಳಿಗೂ ಸಾಮಾನ್ಯ, ಎಡಗಡೆಯದರಿಂದ ಒಂದಕ್ಕೆ, ಬಲಗಡೆಯದರಿಂದ ಇನ್ನೊಂದಕ್ಕೆ. ಒಂದೇ ದಾರಿಯಲ್ಲಿ ಎರಡು ಇಂಜಿನ್ನು ಬೇರೆ ಬೇರೆ ವೇಗದಲ್ಲಿ! ಉಳಿದವರು ಹಳಿಯನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ಸ್ವಿಚ್ಚು ಇಟ್ಟರು. ಗಾಡಿ ಮುಂದೆ ಹೋದ ಹಾಗೆಲ್ಲ ಮುಂದಿನ ತುಂಡನ್ನು ನಿಮ್ಮ ಕಂಟ್ರೋಲರಿಗೆ ಜೋಡಿಸಿಕೊಳ್ಳಬೇಕು, ಹಿಂದಿನದನ್ನು ಬಿಡಬೇಕು.

ಈ ತುಂಡುಗಳಿಗೂ ಬ್ಲಾಕ್ ಎಂದೇ ಹೆಸರು. ಆದರೆ ನಿಜವಾದ ರೈಲ್ವೆಯ ಬ್ಲಾಕಿಗೂ ಇದಕ್ಕೂ ಅಜಗಜಾಂತರ. ನಮ್ಮಲ್ಲಿ ಬ್ಲಾಕ್ ಎಂದರೆ ಅನುಮತಿ. ಎರಡು ಸ್ಟೇಷನ್ನುಗಳ ನಡುವಿನ ಒಂಟಿ ಹಾದಿಗೆ ನೀಲ್ಸ್ ಇನ್‌ಸ್ಟ್ರುಮೆಂಟಿನಿಂದ ಒಂದು ಸಲಕ್ಕೆ ಒಂದೇ ಟೋಕನ್ ಗುಂಡು ಹೊರಬರುತ್ತದೆ. ಆ ಗುಂಡನ್ನು ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಡ್ರೈವರಿನ ಕೈಗೆ ಕೊಡುತ್ತಾರೆ. ಹೋಗಲು ಅಪ್ಪಣೆ ಸ್ಟೇಷನ್ನಿನದು. ರೆಗ್ಯುಲೇಟರು ಎಳೆಯುವ ಕೈ ಡ್ರೈವರಿನದು. ಮಾದರಿ ರೈಲಿನಲ್ಲಿ ಈ ಎರಡೂ ಕಲಸಿಹೋಗಿದ್ದವು. ಹಲಗೆಯ ಮುಂದೆ ನಿಂತವನು ಗಾಡಿ ಓಡಿಸುವುದಕ್ಕಿಂತ ಹೆಚ್ಚಾಗಿ ಸ್ವಿಚ್ಚು ತಿರುಗಿಸುತ್ತಿದ್ದ. ಮುಂದಿನ ಐವತ್ತು ವರ್ಷಗಳ ಇತಿಹಾಸವೆಲ್ಲ ಅಪ್ಪಣೆಯನ್ನು ಹಳಿಯಿಂದ ಕಿತ್ತು ಇಂಜಿನ್ನಿಗೆ ತಲುಪಿಸುವ ಹೋರಾಟ.

ಮೊದಲ ದೊಡ್ಡ ಪ್ರಯತ್ನ ನ್ಯೂಯಾರ್ಕಿನ ಲಯೊನೆಲ್ ಕಂಪನಿಯದು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದು ‘ಎಲೆಕ್ಟ್ರಾನಿಕ್ ಕಂಟ್ರೋಲ್’ ಸೆಟ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಬೇರೆ ಬೇರೆ ರೇಡಿಯೋ ಆವರ್ತನಗಳನ್ನು ಹಳಿಯ ಮೂಲಕವೇ ಹರಿಸಿ, ಪ್ರತಿ ಡಬ್ಬಿಯಲ್ಲೂ ಒಂದು ಗ್ರಾಹಕ ಇಟ್ಟು, ಬಣ್ಣ ಬಣ್ಣದ ಗುಂಡಿ ಒತ್ತಿದರೆ ಆಯಾ ಡಬ್ಬಿ ಕಳಚಿಕೊಳ್ಳುವಂತೆ, ಇಂಜಿನ್ನು ಸಿಳ್ಳೆ ಹಾಕುವಂತೆ ಮಾಡಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. 1963ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಆಸ್ಟ್ರಾಕ್’ ತಂದಿತು: ಐದು ಇಂಜಿನ್ನುಗಳಿಗೆ ಐದು ಆವರ್ತನ. ಅದೂ ಬಾಳಲಿಲ್ಲ.

ಅಂಗಡಿಗೆ ಬಾರದ, ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಒಂದು ಪ್ರಯೋಗ ಅಮೆರಿಕದ ಎಂಐಟಿಯಲ್ಲಿ ನಡೆಯಿತು. ಅಲ್ಲಿನ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಹುಟ್ಟಿದ್ದೂ 1946ರಲ್ಲಿ. ಕ್ಲಬ್ಬಿನಲ್ಲಿ ಎರಡು ಪಂಗಡ. ಮೇಲೆ ಬೆಟ್ಟ, ಮರ, ಊರು ಮಾಡುವವರು ಒಂದು. ಹಲಗೆಯ ಕೆಳಗೆ ತಂತಿಗಳ ನಡುವೆ ಮಲಗಿರುವವರು ಇನ್ನೊಂದು. ಎರಡನೆಯವರು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನೂ ಸ್ವಿಚ್ಚುಗಳನ್ನೂ ಜೋಡಿಸಿ, ಟೆಲಿಫೋನ್ ಡಯಲ್ ತಿರುಗಿಸಿ ರೈಲನ್ನು ನಡೆಸುವ ವ್ಯವಸ್ಥೆ ಕಟ್ಟಿದರು. ಅದೇ ಹುಡುಗರು ಮುಂದೆ ಎಂಐಟಿಯ ಕಂಪ್ಯೂಟರುಗಳ ಮೇಲೆ ರಾತ್ರಿಯೆಲ್ಲ ಕೂತು ‘ಹ್ಯಾಕರ್’ ಪದವನ್ನು ಲೋಕಕ್ಕೆ ಕೊಟ್ಟವರ ಸಾಲಿಗೆ ಸೇರಿದರು. ಎಕ್ಸ್‌ಚೇಂಜಿನ ಸ್ಟ್ರೋಜರ್ ಸ್ವಿಚ್ಚು ಮೆಟ್ಟಿಲು ಮೆಟ್ಟಿಲಾಗಿ ಏರುವ ಸದ್ದು ಕೇಳಿ ಬೆಳೆದ ನನ್ನಂಥವನಿಗೆ ಆ ಹಲಗೆಯ ಕೆಳಗೆ ಒಂದು ಸಂಜೆ ಕಳೆಯುವ ಭಾಗ್ಯ ಸಿಗಬೇಕಿತ್ತು. ಆ ಕ್ಲಬ್ಬಿದ್ದ 20ನೇ ನಂಬರಿನ ಕಟ್ಟಡವನ್ನು 1998ರಲ್ಲಿ ಕೆಡವಿಬಿಟ್ಟರು.

1979ರಲ್ಲಿ ಎರಡು ಘಟನೆಗಳು ಬೆನ್ನು ಬೆನ್ನಿಗೆ ನಡೆದವು. ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಕೀತ್ ಗುಟಿಯೆರೆಜ್ ಅವರು ‘ಸಿಟಿಸಿ-16’ ಎಂಬ ವ್ಯವಸ್ಥೆಯನ್ನು ಓದುಗರೇ ಮನೆಯಲ್ಲಿ ಕಟ್ಟಿಕೊಳ್ಳುವಂತೆ ನಕ್ಷೆ ಸಮೇತ ಬರೆದರು. ಹದಿನಾರು ಇಂಜಿನ್ನು ಓಡಿಸಬಹುದಿತ್ತು. ಅತ್ತ ಇಂಗ್ಲೆಂಡಿನಲ್ಲಿ ಹಾರ್ನ್‌ಬಿ ಕಂಪನಿ ‘ಝೀರೋ 1’ ತಂದಿತು. ಅದಕ್ಕೂ ಹದಿನಾರೇ ಇಂಜಿನ್ನು, ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ನಾಲ್ಕು ಬಿಟ್ಟಿನ ಟಿಎಂಎಸ್1000 ಚಿಪ್ಪು. ಆಟಿಕೆಯ ಅಂಗಡಿಗೆ ಮೈಕ್ರೋಪ್ರೊಸೆಸರು ಇಷ್ಟು ಬೇಗ ಬಂದದ್ದು ನನಗೆ ಇವತ್ತಿಗೂ ಬೆರಗು. ಅಲ್ಲಿಗೆ ಇಂಜಿನ್ನಿಗೆ ನಂಬರು ಸಿಕ್ಕಿತು. ಗುಂಡಿ ಒತ್ತಿ ನಂಬರು ಆರಿಸಿ, ಆ ನಂಬರಿನ ಇಂಜಿನ್ನನ್ನು ಮಾತ್ರ ನಡೆಸು. ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜು. ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಇಂಜಿನ್ನಿನೊಳಗಿನ ಪುಟ್ಟ ಸರ್ಕ್ಯೂಟೇ ತೀರ್ಮಾನಿಸುತ್ತದೆ.

ಇಷ್ಟೆಲ್ಲ ಒಳ್ಳೆಯ ವ್ಯವಸ್ಥೆಗಳು ಏಕೆ ಉಳಿಯಲಿಲ್ಲ? ಬಿಡಿಭಾಗ ದುಬಾರಿ, ಸರ್ಕ್ಯೂಟು ದಪ್ಪ, ಇಂಜಿನ್ನಿನಲ್ಲಿ ಜಾಗವಿಲ್ಲ ಎಂಬ ಕಾರಣಗಳು ಇದ್ದೇ ಇವೆ. ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ಆಸ್ಟ್ರಾಕಿನ ಗ್ರಾಹಕ ಝೀರೋ 1ರ ಮಾತು ಕೇಳುವುದಿಲ್ಲ, ಝೀರೋ 1ರದು ಸಿಟಿಸಿ-16ರ ಮಾತು ಕೇಳುವುದಿಲ್ಲ. ಒಂದು ಕಂಪನಿ ತನ್ನ ಪೆಟ್ಟಿಗೆಯನ್ನು ಮಾಡುವುದು ನಿಲ್ಲಿಸಿದ ದಿನ, ಅದನ್ನು ನಂಬಿ ಇಂಜಿನ್ನುಗಳ ಹೊಟ್ಟೆ ಬಗೆದು ಸರ್ಕ್ಯೂಟು ಕೂರಿಸಿದವರೆಲ್ಲ ಅನಾಥರಾಗುತ್ತಿದ್ದರು.

ಆ ಸ್ಥಿತಿಯನ್ನು ಬದಲಿಸಿದ್ದು ಜರ್ಮನಿಯ ಲೆನ್ಜ್ ಎಲೆಕ್ಟ್ರಾನಿಕ್ ಸಂಸ್ಥೆ. 1980ರ ದಶಕದ ಕೊನೆಗೆ ಅದು ಆರ್ನಾಲ್ಡ್ ಮತ್ತು ಮೆರ್ಕ್ಲಿನ್ ಕಂಪನಿಗಳಿಗಾಗಿ ಎರಡು ಹಳಿಯ ರೈಲಿಗೆ ಹೊಂದುವ ಡಿಜಿಟಲ್ ಪದ್ಧತಿಯೊಂದನ್ನು ರೂಪಿಸಿತ್ತು. ಅದೇ ಹೊತ್ತಿಗೆ ಮಿಲ್ವಾಕಿಯಲ್ಲಿ ಹುಟ್ಟಿದ ಆ ಹಳೆಯ ಸಂಘ, ಎಲ್ಲರೂ ಒಪ್ಪುವ ಒಂದೇ ಪದ್ಧತಿ ಬೇಕೆಂದು ಹುಡುಕಾಟ ನಡೆಸಿತ್ತು. ಲೆನ್ಜ್‌ನ ಪದ್ಧತಿಯನ್ನು ಬುನಾದಿಯಾಗಿಟ್ಟುಕೊಂಡು, ತಿದ್ದಿ, ವಿಸ್ತರಿಸಿ, 1990ರ ದಶಕದ ನಡುವಿನಲ್ಲಿ ಸಂಘ ಅದನ್ನು ತನ್ನ ಪ್ರಮಾಣವಾಗಿ ಪ್ರಕಟಿಸಿತು. ಡಿಸಿಸಿ ಎಂದು ಕರೆಯುವುದು ಅದನ್ನೇ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಅದಕ್ಕೆ ತಕ್ಕ ಸಲಕರಣೆ ಮಾಡಿ ಮಾರಬಹುದು.

ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ಒಂದು ಸೊಗಸಿದೆ. ಹಳಿಗೆ ಕೊಡುವ ವಿದ್ಯುತ್ತು ಧನದಿಂದ ಋಣಕ್ಕೆ, ಋಣದಿಂದ ಧನಕ್ಕೆ ಸತತವಾಗಿ ಜಿಗಿಯುತ್ತಿರುತ್ತದೆ. ಪ್ರತಿ ಅರ್ಧ ಜಿಗಿತ 58 ಮೈಕ್ರೋಸೆಕೆಂಡು ಇದ್ದರೆ ಅದು ‘ಒಂದು’. 100 ಅಥವಾ ಅದಕ್ಕೂ ಹೆಚ್ಚಿದ್ದರೆ ‘ಸೊನ್ನೆ’. ಶಕ್ತಿಯೂ ಅದೇ, ಸಂದೇಶವೂ ಅದೇ. ಬೇರೆ ತಂತಿ ಬೇಕಿಲ್ಲ, ಬೇರೆ ಆವರ್ತನ ಬೇಕಿಲ್ಲ. ಒಂದು ಸಂದೇಶದಲ್ಲಿ ಮೊದಲು ಎಚ್ಚರಿಸುವ ಹದಿನಾಲ್ಕು ‘ಒಂದು’ಗಳು, ಆಮೇಲೆ ಇಂಜಿನ್ನಿನ ನಂಬರು, ಆಮೇಲೆ ಅಪ್ಪಣೆ, ಕೊನೆಗೆ ಮೊದಲಿನವೆರಡನ್ನೂ ಸೇರಿಸಿ ತೆಗೆದ ಒಂದು ತಾಳೆ ಅಂಕಿ. ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದ ಹಾಗೆ: ಎಲ್ಲ ಮನೆಗೂ ಕೇಳಿಸುತ್ತದೆ, ಹೆಸರಿನವರು ಮಾತ್ರ ಹೊರಗೆ ಬರುತ್ತಾರೆ. ತಾಳೆ ಅಂಕಿ ಹೊಂದದಿದ್ದರೆ ಇಂಜಿನ್ನು ಆ ಅಪ್ಪಣೆಯನ್ನು ಎಸೆದುಬಿಡುತ್ತದೆ. ಸೆಕೆಂಡಿಗೆ ನೂರಕ್ಕೂ ಮೀರಿ ಸಂದೇಶಗಳು ಹೋಗುತ್ತಿರುವುದರಿಂದ ಒಂದು ತಪ್ಪಿದರೆ ಮುಂದಿನದು ಸಿಗುತ್ತದೆ. ಅನುಮಾನವಿದ್ದರೆ ಪಾಲಿಸಬೇಡ, ಮತ್ತೆ ಕೇಳು ಎಂಬುದು ಲೈನ್ ಕ್ಲಿಯರ್ ಕೊಡುವ ಯಾವ ಸ್ಟೇಷನ್ ಮಾಸ್ಟರಿಗೂ ಹೊಸ ನಿಯಮವಲ್ಲ.

ಆದರೆ ಸಂಘ ಒಂದು ಕೆಲಸ ಬಿಟ್ಟಿತು. ಹಳಿಗೆ ಸಂದೇಶ ಕಳಿಸುವ ಪೆಟ್ಟಿಗೆಯಿಂದ ಇಂಜಿನ್ನಿಗೆ ಹೋಗುವ ಮಾತನ್ನು ಕಟ್ಟಳೆಗೆ ಒಳಪಡಿಸಿತು. ಮನುಷ್ಯನ ಕೈಯಲ್ಲಿರುವ ಥ್ರಾಟಲಿನಿಂದ ಪೆಟ್ಟಿಗೆಗೆ ಹೋಗುವ ಮಾತನ್ನು ತಯಾರಕರ ಪಾಲಿಗೆ ಬಿಟ್ಟಿತು. ಲೆನ್ಜ್‌ಗೆ ಎಕ್ಸ್‌ಪ್ರೆಸ್‌ನೆಟ್, ಡಿಜಿಟ್ರಾಕ್ಸಿಗೆ ಲೋಕೋನೆಟ್, ಎನ್‌ಸಿಇಗೆ ಅದರದೇ ಇನ್ನೊಂದು. ವೈರ್‌ಲೆಸ್ ಬಂದು ಕೂತದ್ದು ಸರಿಯಾಗಿ ಈ ಬಿಟ್ಟ ಜಾಗದಲ್ಲಿ. ಹೀಗಾಗಿ ಒಬ್ಬರ ರೇಡಿಯೋ ಥ್ರಾಟಲು ಇನ್ನೊಬ್ಬರ ಪೆಟ್ಟಿಗೆಯೊಡನೆ ನೇರವಾಗಿ ಮಾತಾಡುವುದಿಲ್ಲ. ನನ್ನ ಆಯ್ಕೆಯ ತಿರುಳು ಇಲ್ಲಿದೆ: ಇಂಜಿನ್ನಿನ ಕಡೆ ಏನು ಕೊಂಡರೂ ಮೂವತ್ತು ವರ್ಷ ಬಾಳುತ್ತದೆ, ಕೈಯ ಕಡೆ ಏನು ಕೊಂಡರೂ ಅದು ಕಂಪನಿಯ ಆಯುಸ್ಸಿಗೆ ಕಟ್ಟುಬಿದ್ದಿದೆ. ಅಂದಮೇಲೆ ವೈರ್‌ಲೆಸ್ ಭಾಗ ಯಾವತ್ತಿಗೂ ಸುಲಭವಾಗಿ ಬದಲಾಯಿಸುವಂತಿರಬೇಕು.

ವೈರ್‌ಲೆಸ್ ನಿಯಂತ್ರಣ ರೈಲಿಗಿಂತ ಮೊದಲು ದೋಣಿಗೆ ಬಂದಿತ್ತು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಮೂಲಕ ನಡೆಸಿ ತೋರಿಸಿದರು. ವಿಮಾನ, ದೋಣಿ ಹವ್ಯಾಸಿಗಳಿಗೆ ರೇಡಿಯೋ ಅನಿವಾರ್ಯ, ಅವಕ್ಕೆ ಹಳಿಯಿಲ್ಲ. ರೈಲಿನವರಿಗೆ ಹಳಿಯೇ ತಂತಿಯಾದ್ದರಿಂದ ಅವಸರವಿರಲಿಲ್ಲ. ಅವರನ್ನು ರೇಡಿಯೋ ಕಡೆ ತಳ್ಳಿದ್ದು ನಡಿಗೆ. ಮೊದಲು ಕಂಟ್ರೋಲರಿನ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದರು. ಆಮೇಲೆ ಉದ್ದ ತಂತಿಯ ಥ್ರಾಟಲು ಹಿಡಿದು, ಒಂದು ಸಾಕೆಟ್ಟಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ, ಗಾಡಿಯ ಜೊತೆ ಹೆಜ್ಜೆ ಹಾಕಿದರು. ಕಿತ್ತಾಗ ಗಾಡಿ ಹಿಂದಿನ ವೇಗದಲ್ಲೇ ಹೋಗುತ್ತಿರುತ್ತದೆ, ಓಡಿಹೋಗಿ ಚುಚ್ಚಬೇಕು. ಲೆನ್ಜ್ ಒಂದು ಅಡಾಪ್ಟರು ಮಾಡಿ, ಮನೆಯ ಕಾರ್ಡ್‌ಲೆಸ್ ಟೆಲಿಫೋನನ್ನೇ ಥ್ರಾಟಲಾಗಿ ಬಳಸುವಂತೆ ಮಾಡಿತ್ತು. ಎಂಐಟಿಯ ಡಯಲ್ ಇಷ್ಟು ವರ್ಷದ ಮೇಲೆ ಮತ್ತೆ ರೈಲಿನ ಹತ್ತಿರ ಬಂತು ಎಂದು ನನಗೆ ಅದನ್ನು ಓದಿದಾಗ ಖುಷಿಯಾಯಿತು.

ಲಯೊನೆಲ್ ಮತ್ತೆ ಈ ಕಥೆಗೆ ಬರುವುದು 1990ರ ದಶಕದಲ್ಲಿ, ಗಾಯಕ ನೀಲ್ ಯಂಗ್ ಅವರ ಕೈ ಹಿಡಿದು. ಅವರ ಮಗ ಬೆನ್‌ಗೆ ಸೆರೆಬ್ರಲ್ ಪಾಲ್ಸಿ. ಸಾಧಾರಣ ಕಂಟ್ರೋಲರಿನ ಹಿಡಿ ತಿರುಗಿಸುವುದು ಆ ಹುಡುಗನಿಗೆ ಆಗದ ಮಾತು. ಮಗ ತಾನೇ ರೈಲು ಓಡಿಸಬೇಕು ಎಂಬ ತಂದೆಯ ಹಟದಿಂದ, ದೊಡ್ಡ ಗುಂಡಿಯೊಂದನ್ನು ಒತ್ತಿದರೆ ಕೆಲಸವಾಗುವಂಥ ಸಾಧನ ಹುಟ್ಟಿತು. ಅಂದಿನ ಲಯೊನೆಲ್ ಮಾಲೀಕ ರಿಚರ್ಡ್ ಕೂನ್ ಅವರೊಡನೆ ಸೇರಿ ಯಂಗ್ ಒಂದು ಸಂಸ್ಥೆ ಕಟ್ಟಿದರು. 1994ರ ಸುಮಾರಿಗೆ ಬಂದ ಟಿಎಂಸಿಸಿ ವೈರ್‌ಲೆಸ್ ರಿಮೋಟು ಅದರ ಫಲ. ಕೈಯ ರಿಮೋಟಿನಿಂದ ಪೆಟ್ಟಿಗೆಗೆ 27 ಮೆಗಾಹರ್ಟ್ಸ್, ಪೆಟ್ಟಿಗೆಯಿಂದ ಹಳಿಗೆ 455 ಕಿಲೋಹರ್ಟ್ಸ್. ವೈರ್‌ಲೆಸ್ ಯಾರಿಗೆ ನಿಜವಾಗಿ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಮಗುವಿನ ವಿಷಯ. ಮಂಡಿ ನೋವಿನ ತಾತಂದಿರ ಪಾಲು ಅದರ ನಂತರ.

ಇನ್ನು ನಮ್ಮ ದೇಶದಲ್ಲಿ ಕೂತು ಆರಿಸುವ ಮಾತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ವೈರ್‌ಲೆಸ್ ಸಾಧನ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಹಾಡು ಕೇಳುವ ರೇಡಿಯೋಗೂ ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಶುಲ್ಕ ಕಟ್ಟಬೇಕಿತ್ತು. ನಮ್ಮ ತಂದೆಯ ಲೈಸೆನ್ಸ್ ಪುಸ್ತಕ, ಒಳಗಿನ ಸ್ಟಾಂಪುಗಳ ಸಮೇತ, ನನ್ನ ಹತ್ತಿರ ಇನ್ನೂ ಇದೆ. ಹಾಡು ಕೇಳುವವರ ಆ ಶುಲ್ಕ 1980ರ ದಶಕದಲ್ಲಿ ಹೋಯಿತು. 2005ರಲ್ಲಿ ಸರ್ಕಾರ 2.4ರಿಂದ 2.4835 ಗಿಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಂದ ಮುಕ್ತಗೊಳಿಸಿತು. ಬ್ಲೂಟೂತ್, ಮತ್ತು ವೈಫೈನ ಒಂದು ಪಾಲು, ಓಡಾಡುವುದು ಅಲ್ಲೇ. ಆದರೆ ಅಮೆರಿಕದ ಎಷ್ಟೋ ಹೆಸರಾಂತ ಥ್ರಾಟಲುಗಳು, ಎನ್‌ಸಿಇಯ ರೇಡಿಯೋ, ಸಿವಿಪಿಯ ಏರ್‌ವೈರ್ ಮುಂತಾದವು, ಕೆಲಸ ಮಾಡುವುದು 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಅಲ್ಲಿ ಅದು ಎಲ್ಲರಿಗೂ ತೆರೆದ ಪಟ್ಟಿ. ಇಲ್ಲಿ 890ರಿಂದ 915ರ ತನಕ ಮೊಬೈಲ್ ಫೋನುಗಳು ಟವರಿಗೆ ಮಾತಾಡುವ ಜಾಗ. ಅಮೆರಿಕದಿಂದ ಬರುವ ಮಗಳ ಕೈಲೋ ಅಳಿಯನ ಕೈಲೋ ತರಿಸಿಕೊಳ್ಳುವ ಮುಂಚೆ ಡಬ್ಬಿಯ ಹಿಂದೆ ಬರೆದ ಆವರ್ತನ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಜೀವನವಿಡೀ ಇನ್ನೊಬ್ಬರ ಸಿಗ್ನಲ್ಲಿಗೆ ಅಡ್ಡಬರದಂತೆ ನೋಡಿಕೊಂಡವನು, ನಿವೃತ್ತಿಯಾದ ಮೇಲೆ ಆಟಕ್ಕಾಗಿ ಆ ನಿಯಮ ಮುರಿಯಲಾರೆ.

ಹೀಗೆ 2.4 ಗಿಗಾಹರ್ಟ್ಸ್ ಗಟ್ಟಿಯಾಯಿತು. ಆ ಪಟ್ಟಿಯೊಳಗೂ ಹಲವು ದಾರಿಗಳಿವೆ. ಆಸ್ಟ್ರಿಯದ ರೋಕೋ 2012ರಲ್ಲಿ ತಂದ ಝಡ್21 ಪೆಟ್ಟಿಗೆ ಜೊತೆಯಲ್ಲೇ ಒಂದು ವೈಫೈ ರೌಟರು ಇಟ್ಟು, ಫೋನನ್ನೇ ಇಂಜಿನ್ನಿನ ಕ್ಯಾಬಾಗಿ ಮಾಡಿತು. ಚೊಕ್ಕ ಕೆಲಸ. ಹಾರ್ನ್‌ಬಿ 2023ರಲ್ಲಿ ಇಂಜಿನ್ನಿನೊಳಗೇ ಬ್ಲೂಟೂತ್ ಕೂರಿಸಿತು; ಅದರ ಡಿಕೋಡರು, ಅಂದರೆ ಅಪ್ಪಣೆ ಕೇಳುವ ಆ ಪುಟ್ಟ ಸರ್ಕ್ಯೂಟು, ಡಿಸಿಸಿಯನ್ನೂ ಕೇಳುತ್ತದೆ ಎಂಬುದು ಸಮಾಧಾನ. ಅತ್ತ ತೋಟದ ರೈಲಿಗೆಂದು ಒಳ್ಳೆಯ ರೇಡಿಯೋ ಮಾಡುತ್ತಿದ್ದ ಅಮೆರಿಕದ ಅರಿಸ್ಟೋ-ಕ್ರಾಫ್ಟ್ 2013ರಲ್ಲಿ ಬಾಗಿಲು ಹಾಕಿತು, ಅದರ ರೇಡಿಯೋ ನಂಬಿದವರು ಬಿಡಿಭಾಗಕ್ಕಾಗಿ ಅಲೆದರು. ನನ್ನ ಮನಸ್ಸು ವಾಲಿದ್ದು ಯಾವ ಕಂಪನಿಯೂ ಬಾಗಿಲು ಹಾಕಲಾಗದ ದಾರಿಯ ಕಡೆಗೆ.

ಆ ದಾರಿ ಶುರುವಾಗುವುದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ. ಭೌತಶಾಸ್ತ್ರದ ಪ್ರಾಧ್ಯಾಪಕ ಬಾಬ್ ಜೇಕಬ್‌ಸನ್ ಮತ್ತು ಅವರ ಗೆಳೆಯರು ಜೆಎಂಆರ್‌ಐ ಎಂಬ ತಂತ್ರಾಂಶ ಬರೆದು, ಮೂಲ ಸಮೇತ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳ ನಡುವೆ ದುಭಾಷಿಯಂತೆ ನಿಲ್ಲುವುದು ಅದರ ಕೆಲಸ. ಇನ್ನೊಂದು ತಂತ್ರಾಂಶ ಸಂಸ್ಥೆ ತನ್ನ ಪೇಟೆಂಟನ್ನು ಮುಂದಿಟ್ಟು ಅವರಿಂದ ದೊಡ್ಡ ಮೊತ್ತ ಕೇಳಿತು. 2006ರಲ್ಲಿ ಜೇಕಬ್‌ಸನ್ ಕೋರ್ಟಿಗೆ ಹೋದರು. ತಮ್ಮ ತಂಡ ಬರೆದ ಕಡತಗಳನ್ನು ಆ ಸಂಸ್ಥೆ ಹೆಸರು ಹೇಳದೆ ಬಳಸಿಕೊಂಡಿದೆ ಎಂಬ ದೂರೂ ಅದಕ್ಕೆ ಸೇರಿತು. ಉಚಿತವಾಗಿ ಕೊಟ್ಟ ಮೇಲೆ ಅದರ ಷರತ್ತು ಮುರಿದರೆ ಕೃತಿಸ್ವಾಮ್ಯದ ಉಲ್ಲಂಘನೆ ಆಗುತ್ತದೆಯೇ? 2008ರ ಆಗಸ್ಟಿನಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಆಗುತ್ತದೆ ಎಂದಿತು. ಹಣ ಪಡೆಯದೆ ಹಂಚಿದ ತಂತ್ರಾಂಶದ ಷರತ್ತಿಗೂ ಕಾನೂನಿನ ಬಲವಿದೆ ಎಂದು ಸ್ಪಷ್ಟವಾಗಿ ಹೇಳಿದ ಆ ತೀರ್ಪನ್ನು ಇವತ್ತು ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಜಗತ್ತಿನ ಸರ್ವರುಗಳನ್ನೂ ಫೋನುಗಳನ್ನೂ ನಡೆಸುವ ಮುಕ್ತ ತಂತ್ರಾಂಶಕ್ಕೆ ಆ ರಕ್ಷಣೆ ದೊರಕಿದ್ದು ಮಾದರಿ ರೈಲಿನ ಹವ್ಯಾಸಿಯೊಬ್ಬರ ಪಟ್ಟಿನಿಂದ. ಈ ಹವ್ಯಾಸವನ್ನು ಮಕ್ಕಳಾಟ ಎನ್ನುವವರಿಗೆ ನಾನು ಈ ಮೊಕದ್ದಮೆಯ ಕಥೆ ಹೇಳದೆ ಬಿಡುವುದಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ಜೆಎಂಆರ್‌ಐಗೆ ವೈಫೈ ಮೂಲಕ ಮಾತಾಡುವ ವೈಥ್ರಾಟಲ್ ಎಂಬ ಫೋನ್ ಆ್ಯಪ್ ಬಂತು, ಆಂಡ್ರಾಯ್ಡಿಗೆ ಎಂಜಿನ್ ಡ್ರೈವರ್ ಬಂತು. 2015ರಲ್ಲಿ ಗ್ರೆಗ್ ಬರ್ಮನ್ ಎಂಬುವರು ಅಗ್ಗದ ಆರ್ಡ್ವಿನೋ ಬೋರ್ಡಿನಿಂದಲೇ ಡಿಸಿಸಿ ಪೆಟ್ಟಿಗೆ ಕಟ್ಟುವುದನ್ನು ತೋರಿಸಿಕೊಟ್ಟರು. ಅದನ್ನು ಮುಂದುವರಿಸಿದ ತಂಡದ್ದು ಡಿಸಿಸಿ-ಇಎಕ್ಸ್. ನಾನು ಕಟ್ಟಿದ್ದು ಇದನ್ನೇ. ಬೋರ್ಡು, ಮೋಟಾರ್ ಷೀಲ್ಡು, ವೈಫೈ ತುಂಡು, 12 ವೋಲ್ಟಿನ ಸಪ್ಲೈ, ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಯಾವುದು ಸುಟ್ಟರೂ ಮತ್ತೆ ಅಲ್ಲೇ ಸಿಗುತ್ತದೆ. ಕಸ್ಟಮ್ಸ್ ಇಲ್ಲ, ವಾರಗಟ್ಟಲೆ ಕಾಯುವುದಿಲ್ಲ. ಇಂಜಿನ್ನುಗಳೊಳಗೆ ಮಾತ್ರ ಹಣ ಸುರಿದು ಒಳ್ಳೆಯ ಡಿಕೋಡರು ಹಾಕಿದೆ, ಏಕೆಂದರೆ ಅವು ಉಳಿಯುವಂಥವು.

ಫೋನಿನ ಗಾಜಿನ ಮೇಲೆ ಬೆರಳು ಸರಿಸಿ ರೈಲು ಓಡಿಸುವುದು ನನಗೆ ಒಗ್ಗುವುದಿಲ್ಲ. ಕಣ್ಣು ಗಾಡಿಯ ಮೇಲಿರಬೇಕೋ ಫೋನಿನ ಮೇಲೋ? ತಿರುಗುವ ಗುಂಡಿ ಇದ್ದರೆ ನೋಡದೆಯೇ ಬೆರಳಿಗೆ ತಿಳಿಯುತ್ತದೆ. ಹಾಗಾಗಿ ಇಎಸ್‌ಪಿ32 ಚಿಪ್ಪು, ಒಂದು ತಿರುಗು ಗುಂಡಿ, ಪುಟ್ಟ ಪರದೆ, ಬ್ಯಾಟರಿ ಸೇರಿಸಿ ಅಂಗೈಯಗಲದ ಥ್ರಾಟಲು ಮಾಡಿಕೊಂಡೆ. ಅದೂ ವೈಥ್ರಾಟಲಿನ ಮಾತನ್ನೇ ಆಡುತ್ತದೆ. ಮೊಮ್ಮಗಳಿಗೆ ಹಳೆಯ ಫೋನೇ ಇಷ್ಟ. “ತಾತಾ, ನಿಮ್ಮದರಲ್ಲಿ ಹಾರ್ನ್ ಎಲ್ಲಿದೆ ತೋರಿಸಿ?” ಎಂದು ನನ್ನ ಥ್ರಾಟಲನ್ನು ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ತನ್ನ ಫೋನಿಗೇ ಹೋಗುತ್ತಾಳೆ. ಎರಡೂ ಒಂದೇ ಪೆಟ್ಟಿಗೆಗೆ ಮಾತಾಡುತ್ತವೆ ಎಂಬುದೇ ನಾನು ಬಯಸಿದ್ದು.

ಕೊಳ್ಳುವವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ರೇಡಿಯೋ ಸಂಪರ್ಕ ಕಡಿದರೆ ಗಾಡಿ ಏನು ಮಾಡುತ್ತದೆ? ಹಳೆಯ ಕೈಮರದ ಸಿಗ್ನಲ್ಲಿನಲ್ಲಿ ಎಳೆತಂತಿ ಹರಿದರೆ, ತೂಕದ ಗುಂಡು ಕೆಳಗಿಳಿದು ಕೈ ತಾನಾಗಿ ಅಪಾಯದ ಸ್ಥಾನಕ್ಕೆ ಬರುತ್ತದೆ. ಕೆಡುವುದಾದರೆ ಕ್ಷೇಮದ ಕಡೆಗೆ ಕೆಡಬೇಕು ಎಂಬುದು ನಮ್ಮ ವಿಭಾಗದ ಮೊದಲ ಪಾಠ. ಡಿಸಿಸಿಯಲ್ಲಿ ಥ್ರಾಟಲು ಸತ್ತರೂ ಪೆಟ್ಟಿಗೆ ಕೊನೆಯ ಅಪ್ಪಣೆಯನ್ನೇ ಹಳಿಗೆ ಕೂಗುತ್ತಿರುತ್ತದೆ. ಗಾಡಿ ಅದೇ ವೇಗದಲ್ಲಿ ಹಲಗೆಯ ಅಂಚಿನ ತನಕ ಹೋಗಬಹುದು. ವೈಥ್ರಾಟಲ್ ಪದ್ಧತಿಯಲ್ಲಿ ಇದಕ್ಕೆ ನಾಡಿಮಿಡಿತದ ಏರ್ಪಾಡಿದೆ: ಥ್ರಾಟಲು ಆಗಾಗ ನಾನಿದ್ದೇನೆ ಎಂದು ಹೇಳುತ್ತಿರಬೇಕು, ಗೊತ್ತುಪಡಿಸಿದಷ್ಟು ಸೆಕೆಂಡುಗಳೊಳಗೆ ಆ ದನಿ ಬಾರದಿದ್ದರೆ ಆ ಇಂಜಿನ್ನು ನಿಲ್ಲುತ್ತದೆ. ನಾನು ಮೊದಲು ಪರೀಕ್ಷಿಸಿದ್ದು ಅದನ್ನೇ, ಗಾಡಿ ಓಡುತ್ತಿರುವಾಗ ಥ್ರಾಟಲಿನ ಬ್ಯಾಟರಿ ಕಿತ್ತು. ನಿಂತಿತು. ಯಾವ ವ್ಯವಸ್ಥೆ ಕೊಂಡರೂ ಇದೊಂದನ್ನು ಮಾಡಿ ನೋಡದೆ ಬೆಲೆಬಾಳುವ ಇಂಜಿನ್ನನ್ನು ಹಳಿಗೆ ಇಡಬೇಡಿ.

ನಿಜವಾದ ರೈಲುಗಳೂ ಈಗ ಗಾಳಿಯ ಮಾತಿಗೆ ಕಿವಿಗೊಡುತ್ತಿವೆ. ಇಂಜಿನ್ನಿಗೂ ಸ್ಟೇಷನ್ನಿಗೂ ರೇಡಿಯೋದಲ್ಲಿ ಮಾತು ನಡೆದು, ಡ್ರೈವರು ಬ್ರೇಕು ಹಾಕದಿದ್ದರೆ ತಾನೇ ಹಾಕುವ ಕವಚ್ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ್ದು ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ, ಬೀದರ್ ಮಾರ್ಗಗಳಲ್ಲಿ. ಅದರಲ್ಲಿ ಒಂದು ಪಾಲು ನಮ್ಮ ಕಲ್ಯಾಣ ಕರ್ನಾಟಕದ ನೆಲ. ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ವಿವರಪಟ್ಟಿ ಬರೆದು, ಬೇರೆ ಬೇರೆ ಕಂಪನಿಗಳಿಂದ ಸಲಕರಣೆ ಮಾಡಿಸಿತು. ಒಬ್ಬರ ಇಂಜಿನ್ ಪೆಟ್ಟಿಗೆ ಇನ್ನೊಬ್ಬರ ಸ್ಟೇಷನ್ ಪೆಟ್ಟಿಗೆಯೊಡನೆ ಮಾತಾಡಲೇಬೇಕು ಎಂಬ ಷರತ್ತು ಅಲ್ಲೂ ಇದೆ. ಅದನ್ನು ಓದಿದಾಗ ನನಗೆ ಲೆನ್ಜ್ ನೆನಪಾಯಿತು.

ನನ್ನ ಹಲಗೆಯಲ್ಲಿ ಇನ್ನು ಬಾಕಿ ಇರುವುದು ಧೂಳಿನ ಸಮಸ್ಯೆ. ಬೇಸಿಗೆಯಲ್ಲಿ ಹಳಿಯ ಮೇಲೆ ಒಂದು ಪದರ ಕೂತರೆ 12 ಮಿಲಿಮೀಟರ್ ಹಳಿಯ ಹಗುರ ಇಂಜಿನ್ನಿಗೆ ಕರೆಂಟು ತಪ್ಪಿ ತಪ್ಪಿ ಸಿಗುತ್ತದೆ. ಡಿಕೋಡರಿಗೆ ಕೆಪಾಸಿಟರು ಸೇರಿಸಿ ಸದ್ಯಕ್ಕೆ ನಿಭಾಯಿಸಿದ್ದೇನೆ. ಕೊನೆಯ ಉಪಾಯವೆಂದರೆ ಶಕ್ತಿಯನ್ನೂ ಹಳಿಯಿಂದ ಬಿಡಿಸಿ ಇಂಜಿನ್ನಿನೊಳಗೇ ಬ್ಯಾಟರಿ ಇಡುವುದು, ತೋಟದ ರೈಲಿನವರು ಬಹಳ ಕಾಲದಿಂದ ಮಾಡುತ್ತ ಬಂದಂತೆ. ನನ್ನ ವೈಡಿಎಂ4 ಡೀಸೆಲ್ ಮಾದರಿಯ ಬಾನೆಟ್ಟಿನೊಳಗೆ ಮೋಟಾರು, ಡಿಕೋಡರು ಸೇರಿದ ಮೇಲೆ ಕಡ್ಡಿ ಹೋಗುವಷ್ಟೂ ಜಾಗವಿಲ್ಲ. ವೈಪಿ ಉಗಿ ಇಂಜಿನ್ನಿಗೆ ಹಿಂದೆ ಟೆಂಡರು ಇದೆ. ಕಲ್ಲಿದ್ದಲು ತುಂಬುವ ಭಾಗದ ಕೆಳಗೆ, ನೀರಿನ ತೊಟ್ಟಿಯಿರಬೇಕಾದ ಕಡೆ, ಸಣ್ಣ ಲಿಥಿಯಂ ಸೆಲ್ ಒಂದು ಅಡ್ಡ ಮಲಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದ್ದೇನೆ. ಮುಂದಿನ ಸಲ ಎಸ್.ಪಿ. ರೋಡಿಗೆ ಹೋಗುವಾಗ ಟೆಂಡರನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಸೆಲ್ ಕೂರಿಸಿ ನೋಡುತ್ತೇನೆ.